ಮನೆ ಬಿಯರ್ ಅಂದ್ರೆ ಕೇಸು, ಗಡಿಗೆ ಅಂಬಲಿ ಅಂದ್ರೆ ಕಾಸು: ಒಂದು ಗ್ಲಾಸಿಗೆ ಖರೇ ಖರ್ಚು ಎಷ್ಟು ಬೀಳ್ತದ?

ಕಲಬುರಗಿ/ಕಮಲಾಪುರ: ಬಿಸಿಲು ಏರಿದಂತೆ ತಂಪು ಕುಡಿಯೋದರ ವ್ಯಾಪಾರವೂ ಏರುತ್ತದೆ. ಸೂಪರ್ ಮಾರ್ಕೆಟ್, ಜಗತ್ ವೃತ್ತ, ಬಸ್ ನಿಲ್ದಾಣದ ಸುತ್ತ ಕಬ್ಬಿನ ಹಾಲು, ಮಜ್ಜಿಗೆ, ನಿಂಬು ಸೋಡಾ, ಅಂಬಲಿ ಬಂಡಿಗಳು ನಿಲ್ಲುತ್ತವೆ. ಕಮಲಾಪುರದಲ್ಲಿ ಹುಮನಾಬಾದ್ ಕಡೆ ಹೋಗುವ ಹೆದ್ದಾರಿ ಬದಿಯ ಅಂಗಡಿಗಳಲ್ಲೂ ಇದೇ ನೋಟ. ಇನ್ನೊಂದು ಕಡೆ, ಬಿಯರ್ ಬಾಟಲಿ ದರ ಏರಿದಾಗಲೆಲ್ಲ "ಮನ್ಯಾಗೇ ಮಾಡಿದ್ರ ಎಷ್ಟ್ ಬೀಳ್ತದ?" ಅನ್ನೋ ಪ್ರಶ್ನೆಯೂ ಏಳುತ್ತದೆ. ಮೊಬೈಲ್‌ನಲ್ಲಿ ವಿಡಿಯೋ ನೋಡಿ ಕಿಟ್ ತರಿಸುವ ಯೋಚನೆ ಮಾಡುವವರೂ ಇದ್ದಾರೆ.

ಎರಡೂ ಕಡೆ ಇರುವ ಪ್ರಶ್ನೆ ಒಂದೇ. ಹಿಟ್ಟು ಅಥವಾ ಕಾಳು ಹುದುಗಿಸಿ ಮಾಡುವ ಪಾನೀಯದ ಖರ್ಚನ್ನು ಹೇಗೆ ಲೆಕ್ಕ ಹಾಕಬೇಕು, ಹೇಗೆ ಹಿಡಿತದಲ್ಲಿ ಇಡಬೇಕು? ಆದರೆ ಒಂದು ದಾರಿ ನೇರ ಅಬಕಾರಿ ಠಾಣೆಗೆ ಹೋಗುತ್ತದೆ. ಇನ್ನೊಂದು ದಾರಿಯಲ್ಲಿ ಲೆಕ್ಕ ಸರಿ ಇದ್ದರೆ ನಾಲ್ಕು ಕಾಸು ಉಳಿಯುತ್ತದೆ, ಲೆಕ್ಕ ತಪ್ಪಿದರೆ ದಿನವಿಡೀ ಬಿಸಿಲಲ್ಲಿ ನಿಂತರೂ ಕೂಲಿ ಹುಟ್ಟುವುದಿಲ್ಲ.

ಮನೆಯಲ್ಲಿ ಬಿಯರ್: ಮೊದಲು ಕಾನೂನು

ಕರ್ನಾಟಕ ಅಬಕಾರಿ ಕಾಯ್ದೆ 1965ರ ಕಲಂ 13ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಕಾಯ್ದೆಯ ಲೆಕ್ಕದಲ್ಲಿ ಬಿಯರ್ ಕೂಡ ಮದ್ಯವೇ. "ಮಾರೋದಿಲ್ಲ, ಮನಿ ಮಂದಿಗಷ್ಟೇ" ಎಂಬ ಮಾತಿಗೆ ಇಲ್ಲಿ ಜಾಗ ಇಲ್ಲ. ತಯಾರಿಸುವ ಉದ್ದೇಶಕ್ಕೆ ಪಾತ್ರೆ, ಉಪಕರಣ, ಸಾಮಗ್ರಿ ಇಟ್ಟುಕೊಳ್ಳುವುದೂ ಅದೇ ಕಲಮಿನಡಿ ಬರುತ್ತದೆ. ಕಲಂ 32ರಡಿ ಜೈಲು ಮತ್ತು ದಂಡದ ಶಿಕ್ಷೆ ಇದೆ. ಸಿಕ್ಕ ಸಾಮಾನು ಜಪ್ತಿಯಾಗುತ್ತದೆ.

ಬೇರೆ ದೇಶದ ವಿಡಿಯೋ ನೋಡಿ ಇಲ್ಲಿಯೂ ನಡೆಯುತ್ತದೆ ಅಂದುಕೊಳ್ಳುವುದು ತಪ್ಪು. ಅಮೆರಿಕದಲ್ಲಿ 1978ರ ಕಾನೂನು ತಿದ್ದುಪಡಿ ಬಳಿಕ ಮನೆ ಬಳಕೆಗೆ ಬಿಯರ್ ಮಾಡಲು ಕೇಂದ್ರ ತೆರಿಗೆಯಿಂದ ವಿನಾಯಿತಿ ಸಿಕ್ಕಿತು. ಅದಕ್ಕೂ ವರ್ಷಕ್ಕೆ ಇಷ್ಟೇ ಗ್ಯಾಲನ್ ಎಂಬ ಮಿತಿ ಇದೆ, ಮಾರುವಂತಿಲ್ಲ. ಬ್ರಿಟನ್‌ನಲ್ಲಿ 1963ರಲ್ಲಿ ಮನೆ ಬಿಯರಿನ ಲೈಸೆನ್ಸ್ ತೆಗೆದರು. ಕರ್ನಾಟಕದಲ್ಲಿ ಅಂಥ ವಿನಾಯಿತಿ ಇಲ್ಲ. ಬೆಂಗಳೂರಿನ ಹೋಟೆಲುಗಳಲ್ಲಿ ಕಾಣುವ ಮೈಕ್ರೋಬ್ರೂವರಿಗಳು ಅಬಕಾರಿ ಇಲಾಖೆಯ ಲೈಸೆನ್ಸ್ ಪಡೆದು, ಶುಲ್ಕ ಕಟ್ಟಿ, ತಪಾಸಣೆಗೆ ಒಳಪಟ್ಟು ನಡೆಯುವಂಥವು. ಮನೆ ಅಡುಗೆಮನೆಗೆ ಆ ಲೈಸೆನ್ಸ್ ಸಿಗುವುದಿಲ್ಲ.

ನಮ್ಮ ಭಾಗದಲ್ಲಿ ಅಬಕಾರಿಯವರ ಕಣ್ಣು ಇನ್ನಷ್ಟು ಚುರುಕು. ಅದಕ್ಕೆ ಕಾರಣವೂ ಇದೆ. ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳು ತೆಲಂಗಾಣದ ಗಡಿಯಲ್ಲಿವೆ. ಸಿ.ಎಚ್. ಪೌಡರ್ ಬೆರೆಸಿದ ಸೇಂದಿಯ ಹಾವಳಿ ಈ ಭಾಗಕ್ಕೆ ಹೊಸದಲ್ಲ. ಕರ್ನಾಟಕದಲ್ಲಿ ಸಾರಾಯಿ ಮಾರಾಟ 2007ರ ಜುಲೈ 1ರಿಂದ ನಿಂತಿದೆ. ಅಂದಿನಿಂದ ಬೆಲ್ಲದ ಕೊಳೆ ಹಾಕುವವರ ಮೇಲೆ ದಾಳಿ ನಡೆಯುವ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ನೊರೆ ಏಳುತ್ತಿರುವ ದ್ರವ ಸಿಕ್ಕರೆ, "ಇದು ಬಿಯರ್ ರೀ, ಸಾರಾಯಿ ಅಲ್ಲ" ಎಂಬ ವಾದದಿಂದ ಕೇಸು ಹೋಗುವುದಿಲ್ಲ.

ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು. ಹೆಚ್ಚು ಕಳಿತ ಹಣ್ಣಿನಿಂದ ಮನೆಯಲ್ಲೇ ವೈನ್ ಮಾಡಬಹುದಲ್ಲ ಎಂಬ ಯೋಚನೆಗೂ ಇದೇ ಉತ್ತರ. ಬಾರ್ಲಿ ಇರಲಿ, ಬಾಳೆ ಇರಲಿ, ಬೆಲ್ಲ ಇರಲಿ, ಈಸ್ಟ್ ಹಾಕಿ ಮದ್ಯ ಮಾಡಿದರೆ ಕಾಯ್ದೆ ಒಂದೇ.

ಕಾನೂನು ಬಿಟ್ಟರೂ ಲೆಕ್ಕ ಕೂಡುವುದಿಲ್ಲ

ಕಾನೂನಿನ ಮಾತು ಪಕ್ಕಕ್ಕಿಟ್ಟು ಬರೀ ಖರ್ಚು ನೋಡಿದರೂ ಕಲಬುರಗಿಯಲ್ಲಿ ಮನೆ ಬಿಯರ್ ಅಗ್ಗ ಆಗುವುದಿಲ್ಲ. ಹೊರದೇಶದಲ್ಲಿ ಮನೆ ಬಿಯರ್ ಮಾಡುವವರು ಸುಮಾರು 20 ಲೀಟರಿಗೆ 4ರಿಂದ 5 ಕೆಜಿ ಬಾರ್ಲಿ ಮಾಲ್ಟ್, 20ರಿಂದ 40 ಗ್ರಾಂ ಹಾಪ್ಸ್ ಹೂವು, ಒಂದು ಪೊಟ್ಟಣ ಈಸ್ಟ್ ಬಳಸುತ್ತಾರೆ. ನಮ್ಮಲ್ಲಿ ಹಾಪ್ಸ್ ಬಹುಮಟ್ಟಿಗೆ ಹೊರದೇಶದ ಮಾಲು. ದೇಶದೊಳಗೆ ಹಿಮಾಚಲದ ಲಾಹೌಲ್ ಕಣಿವೆಯಂಥ ಚಳಿ ಜಾಗದಲ್ಲಿ ಅಷ್ಟಿಷ್ಟು ಬೆಳೆಯುತ್ತದೆ.

ಅದಕ್ಕಿಂತ ದೊಡ್ಡ ಖರ್ಚು ತಂಪಿನದು. ಏಲ್ ತರಹದ ಬಿಯರಿಗೆ 18ರಿಂದ 22 ಡಿಗ್ರಿ, ಲಾಗರ್‌ಗೆ 8ರಿಂದ 13 ಡಿಗ್ರಿ ಉಷ್ಣಾಂಶ ಬೇಕು. ಅದೂ ಒಂದು ದಿನ ಅಲ್ಲ, ವಾರಗಟ್ಟಲೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಅದಕ್ಕೊಂದು ಬೇರೆ ಫ್ರಿಜ್ಜೇ ಬೇಕು. ಕರೆಂಟ್ ಹೋದರೆ ಇಡೀ ಡಬ್ಬಿ ಕೆಟ್ಟಿತು. ಹುದುಗು ಪೂರ್ತಿ ಮುಗಿಯುವ ಮುಂಚೆ ಬಾಟಲಿಗೆ ತುಂಬಿದರೆ ಒಳಗಿನ ಗಾಳಿಯ ಒತ್ತಡಕ್ಕೆ ಬಾಟಲಿ ಒಡೆಯುವ ಅಪಾಯ ಬೇರೆ. ಉಪಕರಣ, ತಂಪು, ಕೆಟ್ಟುಹೋದ ಮಾಲು, ಮೇಲೆ ಕೇಸಿನ ಭಯ, ಎಲ್ಲ ಸೇರಿಸಿದರೆ "ಅಗ್ಗದ ಬಿಯರ್" ಅನ್ನೋದು ಬರೀ ಮಾತು.

ಜೋಳದ ಹುದುಗು ನಮ್ಮ ಮಂದಿಗೆ ಹೊಸದೇನಲ್ಲ

ಹುದುಗು ಬರಿಸುವ ವಿದ್ಯೆಗೆ ನಮ್ಮಲ್ಲೇ ಕಾನೂನಿನ ತಂಟೆ ಇಲ್ಲದ ದಾರಿ ಇದೆ. ಅದು ಅಂಬಲಿ. ಜೋಳದ ಹಿಟ್ಟನ್ನು ರಾತ್ರಿ ನೀರಲ್ಲಿ ಕಲಸಿ ಹುಳಿ ಬರಲು ಬಿಟ್ಟು, ಬೆಳಿಗ್ಗೆ ಕುದಿಸಿ, ಆರಿಸಿ, ಮಜ್ಜಿಗೆ, ಉಪ್ಪು, ಜೀರಗಿ, ಬಳ್ಳೊಳ್ಳಿ ಹಾಕಿ ಕುಡಿಯುವುದು ಈ ಭಾಗದ ಹೊಲಮನೆಗಳ ರೂಢಿ.

ಎರಡಕ್ಕೂ ಇರುವ ಫರಕು ಹುದುಗಿನದೇ. ಬಿಯರಿನಲ್ಲಿ ಈಸ್ಟ್ ಸಕ್ಕರೆ ಅಂಶವನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಅಂಬಲಿಯಲ್ಲಿ ಮೊಸರಿನಲ್ಲಿ ಇರುವಂಥದೇ ಬ್ಯಾಕ್ಟೀರಿಯಾ ಕೆಲಸ ಮಾಡಿ ಹುಳಿ ತರುತ್ತದೆ. ಒಂದು ರಾತ್ರಿಯ ಹುಳಿ, ಆಮೇಲೆ ಕುದಿ, ಅಲ್ಲಿಗೆ ಮುಗಿಯಿತು.

ಜೋಳದಿಂದ ಬಿಯರ್ ಮಾಡುವ ದೇಶಗಳೂ ಇವೆ. ದಕ್ಷಿಣ ಆಫ್ರಿಕಾದಲ್ಲಿ ಜೋಳದ ಬಿಯರ್ ಹಳೆಯ ಕಾಲದಿಂದ ಇದೆ. ನೈಜೀರಿಯಾ 1988ರಲ್ಲಿ ಬಾರ್ಲಿ ಆಮದು ನಿಷೇಧಿಸಿದಾಗ ಅಲ್ಲಿನ ದೊಡ್ಡ ಕಾರ್ಖಾನೆಗಳೇ ಜೋಳಕ್ಕೆ ತಿರುಗಿದವು. ಹೊರಗಿನ ದುಬಾರಿ ಮಾಲು ಬಿಟ್ಟು ಊರಲ್ಲಿ ಬೆಳೆಯುವ ಕಾಳು ಹಿಡಿದರೆ ಖರ್ಚು ಕೈಯಲ್ಲಿ ಇರುತ್ತದೆ ಎಂಬ ಪಾಠ ಅದರಲ್ಲಿದೆ. ಮಾಲ್ದಂಡಿ ಜೋಳ ಬೆಳೆಯುವ ಜಿಲ್ಲೆಗೆ ಆ ಪಾಠ ಹೇಳಿಕೊಡಬೇಕಾಗಿಲ್ಲ. ಹೇಳಿಕೊಡಬೇಕಾದದ್ದು ಲೆಕ್ಕ.

100 ಗ್ಲಾಸಿನ ಲೆಕ್ಕ

ಒಬ್ಬ ವ್ಯಾಪಾರಿ ದಿನಕ್ಕೆ 22 ಲೀಟರ್ ಅಂಬಲಿ ಮಾಡುತ್ತಾನೆ ಎಂದು ಇಟ್ಟುಕೊಳ್ಳೋಣ. 200 ಮಿಲಿ ಗ್ಲಾಸಿನಲ್ಲಿ 110 ಗ್ಲಾಸ್ ಆಗುತ್ತದೆ. ಚೆಲ್ಲಿದ್ದು, ತಳಕ್ಕೆ ಹಿಡಿದದ್ದು, ರುಚಿ ನೋಡಲು ಕೊಟ್ಟದ್ದು ತೆಗೆದರೆ ಮಾರಲು ಸಿಗುವುದು 100. ಕೆಳಗಿನ ದರಗಳು ಲೆಕ್ಕ ತಿಳಿಯಲಿ ಎಂದು ಹಾಕಿದ ಅಂದಾಜು. ಅವರವರು ಆಯಾ ದಿನದ ಪೇಟೆ ದರ ಹಾಕಿ ನೋಡಬೇಕು.

ಕಣ್ಣಿಗೆ ಕಾಣುವ ಖರ್ಚು:

- ಜೋಳ ಒಂದೂವರೆ ಕೆಜಿ, ಕೆಜಿಗೆ 38 ರೂ., ಗಿರಣಿ ಖರ್ಚು ಕೆಜಿಗೆ 6 ರೂ.: 66 ರೂ.
- ಮೊಸರು 2 ಕೆಜಿ, ಕೆಜಿಗೆ 60 ರೂ.: 120 ರೂ.
- ಉಪ್ಪು, ಜೀರಗಿ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ: 30 ರೂ.
- ನಂಜಿಕೊಳ್ಳಲು ಉಳ್ಳಾಗಡ್ಡಿ 1 ಕೆಜಿ: 30 ರೂ.
- ಶುದ್ಧ ನೀರು 3 ಕ್ಯಾನ್, ತೊಳೆಯುವ ನೀರೂ ಸೇರಿ: 30 ರೂ.
- ಗ್ಯಾಸ್ ಸುಮಾರು 400 ಗ್ರಾಂ: 40 ರೂ.
- ಐಸ್: 40 ರೂ.

ಒಟ್ಟು 356 ರೂ. ನೂರು ಗ್ಲಾಸಿಗೆ ಭಾಗಿಸಿದರೆ ಗ್ಲಾಸಿಗೆ 3 ರೂ. 56 ಪೈಸೆ. ಹೆಚ್ಚಿನವರ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. "ಹತ್ತು ರೂಪಾಯಿಗೆ ಮಾರಿದ್ರ ಆರೂವರಿ ಲಾಭ" ಅಂತ ಬಂಡಿ ಹೂಡುತ್ತಾರೆ.

ಕಣ್ಣಿಗೆ ಕಾಣದ ಖರ್ಚು:

- ಬಂಡಿ, ಗಡಿಗೆ, ಪಾತ್ರೆ, ಸ್ಟೀಲ್ ಗ್ಲಾಸು, ಕೊಡೆ ಸೇರಿ 18,000 ರೂ. ಹಾಕಿದ್ದರೆ, ಮೂರು ಬೇಸಿಗೆಯ 270 ದಿನಕ್ಕೆ ಹಂಚಿದಾಗ ದಿನಕ್ಕೆ: 67 ರೂ.
- ಆಟೋ ಬಾಡಿಗೆ, ಜಾಗದ ಸುಂಕ: 80 ರೂ.
- ಆಹಾರ ಸುರಕ್ಷತೆ ನೋಂದಣಿ ಶುಲ್ಕದ ದಿನದ ಪಾಲು: 1 ರೂ.
- ವ್ಯಾಪಾರಿಯ ಸ್ವಂತ ಕೂಲಿ: 370 ರೂ.

ಕೂಲಿಗೆ 370 ರೂ. ಹಾಕಿದ್ದು ಯಾಕೆ? 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ ಅಷ್ಟೇ ಇತ್ತು. ಬಂಡಿ ಹಾಕದೆ ಕೆಲಸಕ್ಕೆ ಹೋಗಿದ್ದರೆ ಕನಿಷ್ಠ ಅಷ್ಟು ಬರುತ್ತಿತ್ತು. "ನಮ್ಮ ಕೂಲಿ ನಾವೇನ್ ಹಿಡಿಯೋದು" ಅನ್ನುವವರಿಗೆ ದಂಧೆ ನಡೆದಿದೆಯೋ ಇಲ್ಲವೋ ಅನ್ನೋದೇ ಗೊತ್ತಾಗುವುದಿಲ್ಲ. ಮನೆಯಲ್ಲಿ ನಸುಕಿನಲ್ಲಿ ಎದ್ದು ಕುದಿಸಿಕೊಡುವ ಹೆಣ್ಣುಮಕ್ಕಳ ದುಡಿಮೆಯೂ ಇದರೊಳಗೇ ಸೇರಿದೆ. ಅದನ್ನು ಬೇರೆ ಹಿಡಿದರೆ ಖರ್ಚು ಇನ್ನೂ ಏರುತ್ತದೆ.

ಈ ನಾಲ್ಕು ಬಾಬತ್ತು ಕೂಡಿದರೆ 518 ರೂ. ಮೇಲಿನ 356 ಸೇರಿಸಿದರೆ ದಿನದ ಖರೇ ಖರ್ಚು 874 ರೂ. ಗ್ಲಾಸಿಗೆ 8 ರೂ. 74 ಪೈಸೆ. ಹತ್ತು ರೂಪಾಯಿಯಂತೆ ನೂರಕ್ಕೆ ನೂರು ಮಾರಿದರೆ ಕೂಲಿ ಬಿಟ್ಟು ಉಳಿಯುವುದು 126 ರೂ. ಮಾತ್ರ. ಅಂದುಕೊಂಡಿದ್ದ 644 ರೂಪಾಯಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಕಾಣದ ಖರ್ಚಿಗೆ ಹೋಯಿತು.

ಮೋಡ ಕವಿದ ದಿನ ಏನಾಗ್ತದ?

ಗಡಿಗೆ ತುಂಬಿದ ಮೇಲೆ ಖರ್ಚು ಆಗಿ ಹೋಯಿತು. ಆ ಮೇಲೆ 100 ಮಾರಿದರೂ 60 ಮಾರಿದರೂ 874 ರೂ. ಹೋಗಿದ್ದೇ. ಹಾಗಾಗಿ ಹತ್ತು ರೂಪಾಯಿ ದರದಲ್ಲಿ ದಿನಕ್ಕೆ 88 ಗ್ಲಾಸ್ ಮಾರಿದರೆ ಮಾತ್ರ ಕೂಲಿ ಸಹಿತ ಗಂಟು ಸಮ. 89ನೇ ಗ್ಲಾಸಿನಿಂದ ಲಾಭ ಶುರು.

ಮೋಡ ಕವಿದು 60 ಗ್ಲಾಸ್ ಮಾತ್ರ ಹೋದರೆ ಗಲ್ಲಾಕ್ಕೆ ಬರುವುದು 600 ರೂ. 274 ರೂ. ಕಡಿಮೆ ಬಿತ್ತು. ಅಂದರೆ 370ರ ಕೂಲಿಯಲ್ಲಿ ಕೈಗೆ ಸಿಕ್ಕಿದ್ದು 96 ರೂ. ಬೆಳಿಗ್ಗೆ ನಸುಕಿನಿಂದ ದುಡಿದದ್ದಕ್ಕೆ ಅಷ್ಟೇ.

ಇದಕ್ಕೆ ಮದ್ದು ಎರಡು ಗಡಿಗೆ. ಹಿಟ್ಟು ಪೂರ್ತಿ ಹುಳಿಗೆ ಹಾಕಬೇಕು, ಆದರೆ ಬೆಳಿಗ್ಗೆ ಅರ್ಧ ಮಾತ್ರ ಕುದಿಸಿ 11 ಲೀಟರ್ ಮಾಡಬೇಕು. 11 ಗಂಟೆ ಹೊತ್ತಿಗೆ ಗಿರಾಕಿ ನೋಡಿ ಉಳಿದದ್ದು ಕುದಿಸಬೇಕು. ಎರಡನೇ ಗಡಿಗೆ ಬೇಡ ಅನಿಸಿದರೆ ಮೊಸರು, ಉಳ್ಳಾಗಡ್ಡಿ, ಮಸಾಲೆ, ಗ್ಯಾಸ್, ಐಸ್ ಸೇರಿ ಸುಮಾರು 130 ರೂ. ಉಳಿಯುತ್ತದೆ. ಆ ಮೋಡದ ದಿನ 55 ಗ್ಲಾಸ್ ಮಾತ್ರ ಮಾರಿದರೂ ಕೂಲಿಯಲ್ಲಿ 176 ರೂ. ಕೈಗೆ ಬರುತ್ತದೆ. ಐದು ಗ್ಲಾಸ್ ಕಡಿಮೆ ಮಾರಿಯೂ 80 ರೂ. ಹೆಚ್ಚು. ಉಳಿದ ಹುಳಿ ಹಿಟ್ಟು ರಾತ್ರಿ ಮನೆಯಲ್ಲಿ ದೋಸೆಗೆ ಆಗುತ್ತದೆ.

ಇನ್ನೊಂದು ವಿಷಯ ಹೊತ್ತಿನದು. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿ ವೇಳೆಯನ್ನು ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಕಚೇರಿ ಸುತ್ತ ನಿಲ್ಲುವ ಬಂಡಿಗೆ 1.30ರ ನಂತರ ಗಿರಾಕಿ ಕಡಿಮೆ. ಎರಡನೇ ಗಡಿಗೆಯನ್ನು ಅಲ್ಲಿ ಕುದಿಸುವುದು ದಂಡ. ಅದೇ ಬಸ್ ನಿಲ್ದಾಣದ ಬಳಿ ಮಧ್ಯಾಹ್ನವೇ ಸುಗ್ಗಿ. ಜಾಗ ನೋಡಿ ಗಡಿಗೆ ಇಡಬೇಕು.

ಗ್ಲಾಸಿನ ಅಳತೆ: ಸದ್ದಿಲ್ಲದ ಸೋರಿಕೆ

ಪೇಟೆಯಲ್ಲಿ ಸಿಗುವ ಸ್ಟೀಲ್ ಗ್ಲಾಸುಗಳು ನೋಡಲು ಒಂದೇ ತರಹ. ಒಂದು 200 ಮಿಲಿ, ಇನ್ನೊಂದು 250 ಮಿಲಿ. 22 ಲೀಟರಿನಲ್ಲಿ ಮೊದಲನೆಯದು 110 ತುಂಬುತ್ತದೆ, ಎರಡನೆಯದು ಬರೀ 88. ಹತ್ತು ರೂಪಾಯಿ ದರದಲ್ಲಿ 250 ಮಿಲಿ ಗ್ಲಾಸಿಟ್ಟು ಒಂದು ಹನಿ ಚೆಲ್ಲದೆ ಗಡಿಗೆ ಖಾಲಿ ಮಾಡಿದರೂ 880 ರೂ. ಬರುತ್ತದೆ. ಖರ್ಚು 874. ದಿನದ ಲಾಭ 6 ರೂಪಾಯಿ.

ಗ್ಲಾಸು ಕೊಳ್ಳುವ ಮುಂಚೆ ಒಂದು ಲೀಟರ್ ಬಾಟಲಿಯ ನೀರು ಸುರಿದು ನೋಡಿದರೆ ಸಾಕು. ಐದು ಗ್ಲಾಸ್ ತುಂಬಿದರೆ 200 ಮಿಲಿ, ನಾಲ್ಕೇ ತುಂಬಿದರೆ 250. ದೊಡ್ಡ ಗ್ಲಾಸೇ ಬೇಕು ಎನ್ನುವ ಗಿರಾಕಿಗೆ ದೊಡ್ಡದಕ್ಕೆ ಬೇರೆ ದರ ಹಚ್ಚಬಹುದು.

ದರ ಏರಿಸಿದರೆ ಗಿರಾಕಿ ಹೋಗ್ತಾರಾ?

ಹೋಗಬಹುದು. ಆದರೆ ಎಷ್ಟು ಹೋದರೆ ನಷ್ಟ ಅನ್ನೋದು ಗೊತ್ತಿರಬೇಕು. ದರ 15 ರೂ. ಮಾಡಿದರೆ 59 ಗ್ಲಾಸಿಗೇ ಗಂಟು ಸಮ. ನೂರು ಗಿರಾಕಿಯಲ್ಲಿ 25 ಮಂದಿ ಬಿಟ್ಟುಹೋಗಿ 75 ಉಳಿದರೂ 1,125 ರೂ. ಬರುತ್ತದೆ, ಉಳಿಕೆ 251 ರೂ. ಹತ್ತು ರೂಪಾಯಿಗೆ ನೂರು ಮಾರಿದಾಗಿನ 126ಕ್ಕೆ ಇದು ದುಪ್ಪಟ್ಟು. ಪಕ್ಕದ ಬಂಡಿಯವನು ಹತ್ತಕ್ಕೇ ಕೊಡುತ್ತಿದ್ದರೆ ಮಾತು ಬೇರೆ. ಆಗ 12 ರೂ. ಒಂದು ದಾರಿ. ಚಿಲ್ಲರೆ ತಂಟೆ ಈಗ ಫೋನ್ ಪೇ, ಗೂಗಲ್ ಪೇಯಿಂದ ಕಡಿಮೆಯಾಗಿದೆ.

ಜೋಳದ ದರ ಏರಿತು ಅಂತ ಅಂಬಲಿ ದರ ಏರಿಸುವುದಕ್ಕೆ ಅರ್ಥ ಇಲ್ಲ. ಕೆಜಿಗೆ 10 ರೂ. ಏರಿದರೂ ಒಂದೂವರೆ ಕೆಜಿಗೆ 15 ರೂ., ಗ್ಲಾಸಿಗೆ 15 ಪೈಸೆ. ಕಾಣುವ ಖರ್ಚಿನಲ್ಲಿ ದೊಡ್ಡದು ಮೊಸರು. ಮೂರರಲ್ಲಿ ಒಂದು ಪಾಲು ಅದೇ. ಉಳಿಸುವುದಿದ್ದರೆ ಅಲ್ಲಿ ನೋಡಬೇಕು. ಹಿಟ್ಟಿಗೆ ರಾತ್ರಿ ಸರಿಯಾಗಿ ಹುಳಿ ಬಂದಿದ್ದರೆ ಮೊಸರು ಕಡಿಮೆ ಸಾಕು. ಎಮ್ಮೆ ಕಟ್ಟಿದ ಮನೆಯಿಂದ ನೇರ ಮಜ್ಜಿಗೆ ತಂದರೆ ಪ್ಯಾಕೆಟ್ ಮೊಸರಿಗಿಂತ ಅಗ್ಗ ಬೀಳುವ ಸಾಧ್ಯತೆ ಇದೆ. ಕಮಲಾಪುರ ಸುತ್ತಲಿನ ಹಳ್ಳಿಯವರಿಗೆ ನಗರದವರಿಗಿಂತ ಈ ಅನುಕೂಲ ಹೆಚ್ಚು.

ಐಸಿನ ಖರ್ಚನ್ನೂ ಇಳಿಸಬಹುದು. ನಮ್ಮ ಬಿಸಿಲು ಒಣ ಬಿಸಿಲು. ಒಣ ಹವೆಯಲ್ಲಿ ಮಣ್ಣಿನ ಗಡಿಗೆಯ ಮೈಯಿಂದ ನೀರು ಬೇಗ ಆವಿಯಾಗಿ ಒಳಗಿನದು ತಂಪಾಗುತ್ತದೆ. ಗಡಿಗೆಗೆ ಒದ್ದೆ ಗೋಣಿ ಸುತ್ತಿ, ಕೆಳಗೆ ಹಸಿ ಮರಳಿಟ್ಟು, ನೆರಳಲ್ಲಿ ನಿಲ್ಲಿಸಿದರೆ ಐಸ್ ಅರ್ಧಕ್ಕೆ ಇಳಿಸಬಹುದು. ಐಸನ್ನು ಅಂಬಲಿಯೊಳಗೆ ಹಾಕುವುದಿದ್ದರೆ ಕುಡಿಯುವ ನೀರಿನಿಂದ ಮಾಡಿದ ಐಸೇ ಬೇಕು. ಸಾಮಾನು ತಂಪಿಡಲು ಮಾರುವ ಐಸ್ ಗ್ಲಾಸಿಗೆ ಸಲ್ಲದು. ಒಬ್ಬ ಗಿರಾಕಿಗೆ ಹೊಟ್ಟೆ ಕೆಟ್ಟರೆ ಮರುದಿನ ಹತ್ತು ಗಿರಾಕಿ ಇಲ್ಲ.

ಅಂಗಡಿ ಇದ್ದವರಿಗೆ ಲೆಕ್ಕವೇ ಬೇರೆ

ಮೇಲಿನ ಲೆಕ್ಕದಲ್ಲಿ ಅತಿ ದೊಡ್ಡ ಬಾಬತ್ತು ಕೂಲಿ. ಈಗಾಗಲೇ ಚಹಾದಂಗಡಿ, ಖಾನಾವಳಿ, ಕಿರಾಣಿ ಅಥವಾ ಹಣ್ಣಿನ ಅಂಗಡಿ ನಡೆಸುವವರು ಕೌಂಟರಿನ ಮೇಲೆ ಒಂದು ಗಡಿಗೆ ಇಟ್ಟರೆ ಬಂಡಿ, ಆಟೋ, ಜಾಗ ಯಾವುದೂ ಹೊಸದಾಗಿ ಬೇಕಾಗುವುದಿಲ್ಲ. ಕುದಿಸಿ ತಯಾರಿಸುವ ಎರಡು ತಾಸಿನ ಕೂಲಿ 93 ರೂ. ಹಿಡಿದರೂ ಹೆಚ್ಚುವರಿ ಖರ್ಚು 449 ರೂ. ಗ್ಲಾಸಿಗೆ ನಾಲ್ಕೂವರೆ ರೂಪಾಯಿ. ಹತ್ತರ ದರದಲ್ಲಿ 45 ಗ್ಲಾಸಿಗೇ ಹಾಕಿದ್ದು ಬರುತ್ತದೆ.

ಕಮಲಾಪುರದಂಥ ಊರಿಗೆ ಇದೇ ಹೆಚ್ಚು ಒಗ್ಗುವ ದಾರಿ. ಅಲ್ಲಿ ದಿನಾ ನೂರು ಗ್ಲಾಸಿನ ಗಿರಾಕಿ ಸಿಗುವ ಖಾತ್ರಿ ಇಲ್ಲ, ಆದರೆ ಬೀದರ್, ಹುಮನಾಬಾದ್ ಕಡೆ ಹೋಗುವ ಗಾಡಿಗಳು ಚಹಾಕ್ಕೆ, ಬಾಳೆಹಣ್ಣಿಗೆ ನಿಲ್ಲುತ್ತವೆ. ಬಾಳೆಗೊನೆ ತೂಗುಹಾಕಿದ ಅಂಗಡಿಯಲ್ಲೇ ಒಂದು 11 ಲೀಟರಿನ ಗಡಿಗೆ ಇಟ್ಟರೆ ಹೊಸ ಬಂಡವಾಳ ಗಡಿಗೆ ಮತ್ತು ಗ್ಲಾಸಿಗೆ ಮಾತ್ರ. ಸಂತೆ ದಿನ, ಜಾತ್ರೆ ದಿನ ಎರಡು ಗಡಿಗೆ, ಉಳಿದ ದಿನ ಒಂದು.

ಉದ್ರಿ ಎಂಬ ಕಿಂಡಿ

ದಿನಕ್ಕೆ ಐದು ಗ್ಲಾಸ್ ಉದ್ರಿ ಹೋಗಿ ವಸೂಲಾಗದೆ ಉಳಿದರೆ 50 ರೂ. 90 ದಿನದ ಬೇಸಿಗೆಗೆ 4,500 ರೂ. ದಿನಕ್ಕೆ 126ರಂತೆ ಇಡೀ ಬೇಸಿಗೆಯ ಉಳಿಕೆಯೇ 11,340 ರೂ. ಅದರಲ್ಲಿ ಹತ್ತಕ್ಕೆ ನಾಲ್ಕು ಪಾಲು ಉದ್ರಿ ಪುಸ್ತಕದಲ್ಲೇ ಉಳಿಯಿತು. ಗುರುತಿನವರಿಗೆ "ಇಲ್ಲ" ಅನ್ನೋದು ಕಷ್ಟ. ಹೆಸರು ಬರೆದು ವಾರಕ್ಕೊಮ್ಮೆ ಕೇಳುವ ರೂಢಿ ಇಟ್ಟರೆ ಅರ್ಧಕ್ಕಿಂತ ಹೆಚ್ಚು ವಾಪಸ್ ಬರುತ್ತದೆ ಎನ್ನುವುದು ವ್ಯಾಪಾರಸ್ಥರ ಅನುಭವದ ಮಾತು.

ಕಾಗದಪತ್ರ, ಗ್ಯಾಸು, ಗ್ಲಾಸು

ಅಂಬಲಿಗೆ ಅಬಕಾರಿ ಲೈಸೆನ್ಸ್ ಬೇಡ. ಆದರೆ ಆಹಾರ ಮಾರುವವರೆಲ್ಲ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಬೇಕು. 2011ರ ನಿಯಮದಲ್ಲಿ ವರ್ಷಕ್ಕೆ 12 ಲಕ್ಷ ರೂ. ವರೆಗಿನ ವಹಿವಾಟಿನ ಸಣ್ಣ ವ್ಯಾಪಾರಿಗೆ ನೋಂದಣಿ ಶುಲ್ಕ ವರ್ಷಕ್ಕೆ 100 ರೂ. ಎಂದು ಇಡಲಾಗಿತ್ತು. ಅರ್ಜಿ ಹಾಕುವ ದಿನ ಇರುವ ಶುಲ್ಕ ನೋಡಿ ಕಟ್ಟಬೇಕು. ಸೈಬರ್ ಕೆಫೆಯವರು ಅರ್ಜಿ ತುಂಬಲು ಕೇಳುವ ಹಣ ಬೇರೆ, ಸರ್ಕಾರಿ ಶುಲ್ಕ ಬೇರೆ. ಎರಡನ್ನೂ ಕೇಳಿ ತಿಳಿದುಕೊಂಡು ಹಣ ಕೊಡುವುದು ಲೇಸು.

ಮನೆಯ 14.2 ಕೆಜಿ ಸಿಲಿಂಡರ್ ವ್ಯಾಪಾರಕ್ಕೆ ಬಳಸುವಂತಿಲ್ಲ. ವ್ಯಾಪಾರಕ್ಕೆ 19 ಕೆಜಿಯ ವಾಣಿಜ್ಯ ಸಿಲಿಂಡರ್ ಇದೆ. ಅದಕ್ಕೇ ಮೇಲಿನ ಲೆಕ್ಕದಲ್ಲಿ ಗ್ಯಾಸನ್ನು ಕೆಜಿಗೆ 100 ರೂ. ಅಂದಾಜಿನಲ್ಲಿ ಹಿಡಿಯಲಾಗಿದೆ. ಮನೆ ಸಿಲಿಂಡರ್ ಲೆಕ್ಕ ಹಿಡಿದು ದರ ಕಟ್ಟಿದವರು ಜಪ್ತಿಯಾದ ದಿನ ಪೇಚಿಗೆ ಸಿಗುತ್ತಾರೆ.

ಪ್ಲಾಸ್ಟಿಕ್ ಗ್ಲಾಸು, ಕಪ್ಪು, ಸ್ಟ್ರಾ ದೇಶಾದ್ಯಂತ 2022ರ ಜುಲೈ 1ರಿಂದ ನಿಷೇಧ. ಸ್ಟೀಲ್ ಗ್ಲಾಸಿಗೆ ಒಮ್ಮೆ ಹಣ ಹಾಕಿದರೆ ವರ್ಷಗಟ್ಟಲೆ ಬರುತ್ತದೆ. ಆದರೆ ತೊಳೆಯುವ ನೀರು ಬಕೆಟ್ಟಿನಲ್ಲಿ ನಿಂತದ್ದೇ ಇರಬಾರದು, ಬದಲಾಗುತ್ತಿರಬೇಕು. ಅದರ ಕ್ಯಾನಿನ ಖರ್ಚನ್ನು ಲೆಕ್ಕದಿಂದ ಬಿಡಬಾರದು.

ಬಂಡವಾಳಕ್ಕೆ ಕೈಸಾಲದ ಬಡ್ಡಿ ಕಟ್ಟುವ ಮುಂಚೆ ಬೀದಿ ವ್ಯಾಪಾರಿಗಳು ಪಿಎಂ ಸ್ವನಿಧಿ ಯೋಜನೆ ವಿಚಾರಿಸಬಹುದು. 2020ರಲ್ಲಿ ಶುರುವಾದ ಈ ಯೋಜನೆಯಲ್ಲಿ ಮೊದಲ ಕಂತಿನ ಸಾಲ 10,000 ರೂ. ಇದ್ದದ್ದನ್ನು 2025ರಲ್ಲಿ 15,000ಕ್ಕೆ ಏರಿಸಲಾಗಿದೆ. ಜಾಮೀನು ಬೇಡ, ಸರಿಯಾಗಿ ಕಟ್ಟಿದವರಿಗೆ ಬಡ್ಡಿಯಲ್ಲಿ ಶೇ. 7ರ ಸಹಾಯಧನ ಇದೆ. ಕಲಬುರಗಿಯಲ್ಲಿ ಮಹಾನಗರ ಪಾಲಿಕೆಯಲ್ಲಿ ವಿಚಾರಿಸಬೇಕು. ಬೀದಿ ವ್ಯಾಪಾರಿಯ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ ಕೇಳುತ್ತಾರೆ.

ಹುಳಿ ಎಷ್ಟು, ಎಲ್ಲಿಗೆ ನಿಲ್ಲಿಸಬೇಕು

ಬೇಸಿಗೆಯಲ್ಲಿ ಹಿಟ್ಟು ಒಂದೇ ರಾತ್ರಿಯಲ್ಲಿ ಹುಳಿ ಬರುತ್ತದೆ. ಚಳಿಗಾಲದಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮೇ ತಿಂಗಳಲ್ಲಿ ಸಂಜೆ 6ಕ್ಕೇ ಕಲಸಿಟ್ಟರೆ ಬೆಳಿಗ್ಗೆಗೆ ಹುಳಿ ಮಿತಿ ಮೀರುತ್ತದೆ. ಆಗ ಅದನ್ನು ಸರಿಮಾಡಲು ಇನ್ನಷ್ಟು ಹಿಟ್ಟು, ನೀರು ಸೇರಿಸಬೇಕು, ಖರ್ಚು ಏರುತ್ತದೆ. ರಾತ್ರಿ 10ರ ಮೇಲೆ ಕಲಸಿದರೆ ಆ ತಂಟೆ ಇಲ್ಲ. ಕುದಿಸಿದ ಅಂಬಲಿಗೆ ಮೊಸರನ್ನು ಪೂರ್ತಿ ಆರಿದ ಮೇಲೆ ಹಾಕಬೇಕು, ಇಲ್ಲದಿದ್ದರೆ ಒಡೆಯುತ್ತದೆ. ಮೊಸರು ಬೆರೆಸಿದ ಗಡಿಗೆಯನ್ನು ಅದೇ ದಿನ ಮುಗಿಸಬೇಕು. ಉಳಿದದ್ದನ್ನು ಮರುದಿನದ ಗಡಿಗೆಗೆ ಸುರಿಯುವುದು ಉಳಿತಾಯ ಅಲ್ಲ. ಹೊಸದರ ರುಚಿಯೂ ಕೆಡುತ್ತದೆ, ಗಿರಾಕಿಯೂ ಕೆಡುತ್ತಾನೆ.

ಅಂಬಲಿಗೆ ಈಸ್ಟ್, ಬೆಲ್ಲ ಹಾಕಿ ಮುಚ್ಚಿಟ್ಟು "ಖಡಕ್" ಮಾಡಿ ಮಾರುವ ಆಸೆ ಬೇಡ. ಅಲ್ಲಿಗೆ ಅದು ಅಂಬಲಿ ಆಗಿ ಉಳಿಯುವುದಿಲ್ಲ, ಕಲಂ 13ಕ್ಕೆ ಬರುತ್ತದೆ.

ಮನೆ ಮಟ್ಟಿಗೆ ನೋಡಿದರೆ ಲೆಕ್ಕ ಇನ್ನೂ ಸರಳ. ಮೇಲಿನ ದರದಲ್ಲೇ ಒಂದು ಲೀಟರ್ ಅಂಬಲಿಗೆ ಜೋಳ 3 ರೂ., ಮೊಸರು ಐದೂವರೆ ರೂ., ಮಸಾಲೆ, ಗ್ಯಾಸ್ ಸೇರಿ ಮೂರ್ನಾಲ್ಕು ರೂ. 13 ರೂಪಾಯಿಯೊಳಗೆ ಐದು ಮಂದಿಗೆ ಒಂದೊಂದು ಗ್ಲಾಸ್.

ವ್ಯಾಪಾರಿಗೆ ಬೇಕಾದದ್ದು ಒಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್. ದಿನಾ ಐದು ಸಾಲು: ಎಷ್ಟು ಲೀಟರ್ ಮಾಡಿದ್ದು, ಎಷ್ಟು ಗ್ಲಾಸ್ ಹೋಯಿತು, ಎಷ್ಟು ಉಳಿಯಿತು, ಎಷ್ಟು ಉದ್ರಿ, ಬಿಸಿಲೋ ಮೋಡವೋ. ಹದಿನೈದು ದಿನ ಬರೆದರೆ ಯಾವ ದಿನ ಎಷ್ಟು ಜೋಳ ನೆನೆಹಾಕಬೇಕು ಅನ್ನೋದು ಆ ಪುಸ್ತಕದಲ್ಲೇ ಕಾಣುತ್ತದೆ.